ಉಗುರಿಗೆ ಸಿಕ್ಕ ಗೀರು

ನನ್ನ ಫೋನಿನ ಗಾಜು ನೋಡಿದವರೆಲ್ಲ ನಗುತ್ತಾರೆ. ಗಂಗಾವತಿಯ ಅರ್ಧ ಊರಿನ ಫೋನುಗಳ ಗೀರು ತೆಗೆದವಳ ಫೋನಿನ ಮೇಲೇ ಅಡ್ಡ, ಉದ್ದ, ಮೂಲೆಯಲ್ಲೊಂದು ಸುತ್ತು. ಹೊಸದಾಗಿ ಮೊಬೈಲ್ ಅಂಗಡಿ ಹಾಕಿರುವ ಹೆಣ್ಣುಮಗಳೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ನೋಡಿ ತಡೆಯಲಾಗದೆ, "ಅಕ್ಕಾರ, ಕೊಡ್ರಿ ಇಲ್ಲೆ, ಎರಡು ನಿಮಿಷದಾಗ ಹೊಸ ಗಾಜು ಹಚ್ಚಿ ಕೊಡ್ತೀನಿ" ಎಂದು ಕೈ ಚಾಚಿದಳು. "ಮುಟ್ಟಿದರ ಕೈ ಮುರಿತೀನಿ ನೋಡು" ಅಂದೆ. ಪಾಪ, ಗಾಬರಿಯಾಗಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಅವಳಿಗೆ ಅವತ್ತು ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆಯವರೂ ಓದಿಕೊಳ್ಳಲಿ. ನಾನು ಎಷ್ಟು ಗಾಜು ಹಚ್ಚಿದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಒಮ್ಮೆ ಒಬ್ಬ ಮನುಷ್ಯನಿಗೆ ಒಳ್ಳೆಯದು ಮಾಡಲು ಹೋಗಿ ಅವನ ಅನ್ನಕ್ಕೇ ಕೈ ಹಾಕಿದ್ದೆ. ಆ ತಪ್ಪು ಹೇಗಾಯಿತು ಎಂದು ಹೇಳಬೇಕಾದರೆ ಮೊದಲಿನಿಂದಲೇ ಶುರು ಮಾಡಬೇಕು.

ಕೊಪ್ಪಳ ಜಿಲ್ಲೆಯಾಯಿತಲ್ಲ, ಆ ವರ್ಷ, ೧೯೯೭ರಲ್ಲಿ, ನಾನು ಗಂಗಾವತಿಯ ಬಸ್ ನಿಲ್ದಾಣದ ಹತ್ತಿರದ ಒಂದು ವಾಚ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ತವರು ಹನುಮಸಾಗರ. ಮದುವೆಯಾಗಿ ಗಂಗಾವತಿಗೆ ಬಂದವಳು. ಯಜಮಾನರು ಅಕ್ಕಿ ಮಿಲ್ಲಿನಲ್ಲಿ ಫಿಟರ್. ಹೊಲಿಗೆ ಕಲಿಯಲು ಹೋಗಿದ್ದೆ, ಮೂರು ರವಿಕೆ ಕೆಡಿಸಿದ ಮೇಲೆ ಕಲಿಸುವವರೇ ಕೈ ಮುಗಿದು ಕಳಿಸಿದರು. ವಾಚ್ ಅಂಗಡಿಯ ಹಿರಿಯರು ನಿಜಾಮರ ಕಾಲದಿಂದ ಗಡಿಯಾರ ಬಿಚ್ಚುತ್ತಿದ್ದ ಮನೆತನದವರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ನನ್ನ ಕೈಯ ಮೇಲೊಂದು ಕೈಗಡಿಯಾರದ ಮುಳ್ಳು ಇಟ್ಟರು. ಅದು ಅಲುಗಾಡಲಿಲ್ಲ. "ಕೈ ನಡುಗೂದಿಲ್ಲ, ಸಾಕು" ಅಂದರು. ನನ್ನ ಸಂದರ್ಶನ ಅಷ್ಟೇ.

ಹದಿನೈದು ದಿನ ಏನೂ ಮುಟ್ಟಲು ಬಿಡಲಿಲ್ಲ. ಒಂದು ತಟ್ಟೆಯ ತುಂಬ ಗೀರು ಬಿದ್ದ ವಾಚು, ಕ್ಯಾಲ್ಕುಲೇಟರ್ ಇಟ್ಟು, ಕೈಗೊಂದು ಭೂತಗನ್ನಡಿ ಕೊಟ್ಟು ಕೂಡಿಸಿದರು.

"ನೋಡು ಬೇಟಿ. ಗೀರು ಯಾಕ ಬಿತ್ತು ಅಂತ ಹೇಳು."

"ಗೀರು ಬಿದ್ದೈತಿ ಅಷ್ಟರಿ. ಉಜ್ಜಿದರ ಹೋಗ್ತೈತಿ."

"ಕಾರಣ ಗೊತ್ತಿಲ್ಲದ ಗೀರಿಗೆ ಕೈ ಹಚ್ಚಬಾರದು. ಡಾಕ್ಟರ್ ಬ್ಯಾನಿ ಕೇಳದs ಗುಳಿಗಿ ಕೊಡ್ತಾನೇನು?"

ಮೊದಮೊದಲು ಸಿಟ್ಟು ಬರುತ್ತಿತ್ತು. ಐದಾರು ದಿನವಾದ ಮೇಲೆ ಅದೇ ಹುಚ್ಚು ಹಿಡಿಯಿತು. ಮಾಸ್ತರರ ವಾಚಿನ ಮೇಲೆ ಸುಣ್ಣದಕಡ್ಡಿಯ ಪುಡಿಯಿಂದಾದ ಮಂಜು ಮಂಜಾದ ಸವಕಲು. ಹೆಂಗಸರು ವಾಚನ್ನು ಮಣಿಕಟ್ಟಿನ ಒಳಗೆ ತಿರುಗಿಸಿ ಕಟ್ಟುತ್ತಾರೆ, ಬಳೆಗಳು ಬಂದು ಬಂದು ತಾಗಿ ಗಾಜಿನ ಒಂದೇ ಅಂಚಿಗೆ ಕಮಾನಿನಂಥ ಗೀರುಗಳು. ಗೌಂಡಿಯ ವಾಚಿಗೆ ಮರಳಿನ ಚುಕ್ಕಿ. ವಾಚನ್ನು ನೋಡಿಯೇ ಅದರ ಯಜಮಾನರ ಕಸುಬು ಹೇಳತೊಡಗಿದೆ. ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಿದ್ದರು, ನನಗೆ ಒಳಗೊಳಗೇ ಕೊಂಬು ಮೂಡುತ್ತಿತ್ತು.

ಆ ಕೊಂಬನ್ನು ಮೊದಲು ಮುರಿದವನು ಯಮನೂರಪ್ಪ.

ನಮ್ಮ ಅಂಗಡಿಗೆ ತಗುಲಿ ಅವನದೊಂದು ಹಳದಿ ಬಣ್ಣದ ಫೋನ್ ಬೂತ್ ಇತ್ತು. ಮೂಲ ಕಾರಟಗಿಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಯಮನೂರಣ್ಣ ಎಂದು ಕರೆಯುತ್ತಿದ್ದೆ. ಮೂರು ವರ್ಷದವನಿದ್ದಾಗ ಸಿಡುಬಿನಿಂದ ಎರಡೂ ಕಣ್ಣು ಹೋಗಿದ್ದವು. ಊರಿನ ಫೋನ್ ನಂಬರುಗಳೆಲ್ಲ ಅವನ ಬಾಯಲ್ಲಿ. ಮಿಲ್ಲಿನವರು, ಆಸ್ಪತ್ರೆಯವರು, ಮುನಿರಾಬಾದಿನ ಡ್ಯಾಂ ಕಚೇರಿಯವರು, ಯಾರ ನಂಬರು ಕೇಳಿದರೂ ಪಟ್ಟನೆ ಹೇಳುತ್ತಿದ್ದ. ಮಾತು ಮಾತ್ರ ಖಡಕ್. ಯಾರಾದರೂ ಮರುಗಿ ಕೈ ಹಿಡಿದು ರಸ್ತೆ ದಾಟಿಸಲು ಹೋದರೆ, "ನಿಮಗ ದಾರಿ ಗೊತ್ತಿಲ್ಲೇನ್ರಿ? ಬರ್ರಿ, ನಾನs ದಾಟಸ್ತೀನಿ" ಅನ್ನುವವನು.

ಅವನ ಬೂತಿನಲ್ಲಿ ಮಾತಿನ ಖರ್ಚು ತೋರಿಸುವ ಒಂದು ಸಣ್ಣ ಮೀಟರ್ ಇತ್ತು. ಅದರ ಪರದೆಯ ಮೇಲೆ ಗೀರು ಬಿದ್ದು ಒಂದು ಎಂಬ ಅಂಕಿ ಏಳರ ಹಾಗೆ ಕಾಣುತ್ತಿತ್ತು. ಗಿರಾಕಿಗಳು ದಿನಾ ಜಗಳ. ಮೀಟರನ್ನು ಬಿಚ್ಚಿಕೊಂಡು ನಮ್ಮಲ್ಲಿಗೆ ತಂದ. ನಾನು ಭೂತಗನ್ನಡಿ ಹಿಡಿದು, "ಮೂರು ಗೀರು ಅದಾವರಿ. ಮೂರೂ ತಗೀತೀನಿ" ಅಂದೆ. ಅವನು ಮೀಟರನ್ನು ನನ್ನ ಕೈಯಿಂದ ಇಸಿದುಕೊಂಡು ಹೆಬ್ಬೆರಳಿನ ಉಗುರನ್ನು ಪರದೆಯ ಮೇಲೆ ಮೆಲ್ಲಗೆ ಎಳೆದ. ಒಂದು ಕಡೆ ಉಗುರು ತಡೆಯಿತು.

"ಎರಡು ಹೋಗ್ತಾವ, ರೇಣವ್ವ. ಇದೊಂದು ಹೋಗಂಗಿಲ್ಲ. ಒಳಗಿಳದೈತಿ."

ನಾನು ನಕ್ಕೆ. ಕಣ್ಣಿದ್ದವಳಿಗೆ ಕಣ್ಣಿಲ್ಲದವನು ಗೀರು ತೋರಿಸುವುದೇ! ಮಖಮಲ್ ಬಟ್ಟೆಗೆ ಬಿಳಿ ಲೇಪ ಹಚ್ಚಿ, ಉಸ್ತಾದ್ ಕಲಿಸಿದಂತೆ ಗೀರಿನ ಉದ್ದಕ್ಕಲ್ಲದೆ ಅಡ್ಡಕ್ಕೆ ಒಂದು ತಾಸು ಉಜ್ಜಿದೆ. ಎರಡು ಹೋದವು. ಮೂರನೆಯದು ಹೋಗಲಿಲ್ಲ. ಉಸ್ತಾದ್ ಬಿದ್ದು ಬಿದ್ದು ನಕ್ಕರು. "ನನ್ನ ಭೂತಗನ್ನಡಿಗಿಂತ ಅವನ ಉಗುರು ತುಟ್ಟಿ" ಅಂದರು. ಅಂದಿನಿಂದ ನಮ್ಮ ಅಂಗಡಿಯ ಕಾಯಿದೆ ಅದೇ ಆಯಿತು. ಮೊದಲು ಉಗುರು ಎಳೆ. ಉಗುರು ಜಾರಿದರೆ ಗೀರು ಹೋಗುತ್ತದೆ, ಉಗುರು ಸಿಕ್ಕಿಕೊಂಡರೆ ಹೋಗುವುದಿಲ್ಲವೆಂದು ಗಿರಾಕಿಗೆ ಮೊದಲೇ ಹೇಳು. ನನ್ನ ಕಸುಬಿನ ದೊಡ್ಡ ಪಾಠ ಇದು, ಕಲಿಸಿದವನು ಪಕ್ಕದ ಬೂತಿನವನು.

ಕಾರಟಗಿಯ ಮಿಲ್ಲುಗಳಿಂದ ಬರುತ್ತಿದ್ದ ಕ್ಯಾಲ್ಕುಲೇಟರುಗಳದು ಬೇರೆಯದೇ ಕಥೆ. ಆರು ತಿಂಗಳಿಗೇ ಪರದೆ ಕುರುಡಾಗಿ ಬರುತ್ತಿದ್ದವು. ಅದೇ ಕಂಪನಿಯ ಕ್ಯಾಲ್ಕುಲೇಟರ್ ಯಲಬುರ್ಗಾದ ಕಿರಾಣಿ ಅಂಗಡಿಯಲ್ಲಿ ನಾಲ್ಕು ವರ್ಷ ಬಾಳುತ್ತಿತ್ತು. ಯಾಕೆ? ಈ ಪ್ರಶ್ನೆ ತಲೆ ತಿಂದು ತಿಂದು, ಒಂದು ದಿನ ಯಜಮಾನರ ಜೊತೆ ಮಿಲ್ಲಿಗೇ ಹೋಗಿ ಗುಮಾಸ್ತರ ಮುಂದೆ ಕೂತೆ. ಗಾಳಿಯಲ್ಲೆಲ್ಲ ಭತ್ತದ ಹೊಟ್ಟಿನ ಧೂಳು. ಗುಮಾಸ್ತರು ಐದು ನಿಮಿಷಕ್ಕೊಮ್ಮೆ ಧೋತರದ ಚುಂಗಿನಿಂದ ಕ್ಯಾಲ್ಕುಲೇಟರ್ ಒರೆಸುತ್ತಿದ್ದರು. ನೋಡಲು ಹತ್ತಿಯಷ್ಟು ಹಗುರಾದ ಹೊಟ್ಟು ಪ್ಲಾಸ್ಟಿಕ್ಕನ್ನು ಮರಳಿನಂತೆ ಕೊರೆಯುತ್ತದೆ. ಒರೆಸಿದಷ್ಟೂ ಗೀರು. "ಸಾಹುಕಾರ್ರ, ಒರಸಬ್ಯಾಡ್ರಿ, ಊದ್ರಿ" ಅಂದೆ. ಅವರು ನನ್ನನ್ನೇ ದಿಟ್ಟಿಸಿ, "ನಮ್ಮವ್ವನೂ ಸ್ವಚ್ಛ ಇರು ಅಂತಾಳ, ನೀವೊಬ್ಬರs ಒರಸಬ್ಯಾಡ ಅನ್ನಾವರು" ಅಂದರು. ಆದರೂ ಊದಿದರು. ಆ ಕ್ಯಾಲ್ಕುಲೇಟರ್ ಆಮೇಲೆ ಎರಡು ವರ್ಷ ನಮ್ಮ ಕಡೆ ಬರಲಿಲ್ಲ.

ಅಲ್ಲಿಗೆ ಸುಮ್ಮನಿದ್ದರೆ ನಾನು ರೇಣವ್ವ ಹೇಗಾಗುತ್ತಿದ್ದೆ? ಹೊಟ್ಟು ಸುಟ್ಟ ಬೂದಿಯಿಂದ ನಮ್ಮ ಕಡೆ ಹಲ್ಲು ಉಜ್ಜುತ್ತಾರೆ, ತಾಮ್ರದ ಕೊಡ ಬೆಳಗುತ್ತಾರೆ. ಕೊರೆಯುವ ವಸ್ತುವನ್ನೇ ಇನ್ನೂ ನುಣ್ಣಗೆ ಮಾಡಿದರೆ ಹೊಳಪು ಕೊಡುತ್ತದಲ್ಲ ಎಂದು ಹೊಳೆಯಿತು. ಹೊಳಪು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳೇ ಅಲ್ಲವೇ? ಈ ವಿಚಾರಕ್ಕೆ ಎರಡು ದಿನ ನಿದ್ದೆ ಹತ್ತಲಿಲ್ಲ. ಬೂದಿಯನ್ನು ಸೀರೆಯ ಬಟ್ಟೆಯಲ್ಲಿ ಮೂರು ಸಲ ಸೋಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಒಬ್ಬ ವಕೀಲರ ಪೇಜರಿನ ಪರದೆಯ ಮೇಲೆ ಉಜ್ಜಿದೆ. ಗಣಪನ ಮಾಡಲು ಹೋಗಿ ಅವರಪ್ಪನ ಮಾಡಿದ ಹಾಗಾಯಿತು. ಪರದೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ವಿಚಾರ ಸರಿಯಿತ್ತು, ಬೂದಿ ಸಾಕಷ್ಟು ನುಣ್ಣಗಿರಲಿಲ್ಲ. ವಕೀಲರಿಗೆ ಉಸ್ತಾದ್ ತಮ್ಮದೇ ಖರ್ಚಿನಲ್ಲಿ ಹೊಸ ಪರದೆ ಹಾಕಿ ಕೊಟ್ಟರು. ನನಗೆ ಬೈಯಲಿಲ್ಲ. "ಮುಂದಿನ ಸಲ ನಿನ್ನ ವಾಚಿನ ಮ್ಯಾಲ ಮಾಡಿ ನೋಡು, ಬೇಟಿ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೊಬೈಲು ಬಂದವು. ಗೀರುಗಳ ಲೋಕವೇ ದೊಡ್ಡದಾಯಿತು. ಗಂಡಸರು ಕೀಲಿಕೈ ಜೊತೆ ಕಿಸೆಯಲ್ಲಿ ಇಟ್ಟು ಪ್ಲಾಸ್ಟಿಕ್ ಪರದೆ ಹಾಳು ಮಾಡುತ್ತಿದ್ದರು. ಹೆಂಗಸರು ಕುಪ್ಪಸದಲ್ಲಿ ಇಟ್ಟುಕೊಂಡು ತಾಳಿಯ ಗುಂಡು, ಪಿನ್ನುಗಳಿಂದ ಹಾಳು ಮಾಡುತ್ತಿದ್ದರು. ಕುಷ್ಟಗಿ ಕಡೆಯ ಕಲ್ಲು ಕ್ವಾರಿಯಲ್ಲಿ ದುಡಿಯುವವರ ಫೋನುಗಳು ಬಂದಾಗ ಮಾತ್ರ ನಾನು ಬೆರಗಾದೆ. ಕೀಲಿಕೈಯಿಂದ ಗೀಚಿದರೂ ಏನೂ ಆಗದ ಗಾಜಿನ ಮೇಲೆ ಕಲ್ಲಿನ ಪುಡಿ ಆಳವಾದ ಗೆರೆ ಎಳೆದಿರುತ್ತಿತ್ತು. ಒಬ್ಬ ಕ್ವಾರಿಯವನು ಕಲ್ಲಿನದೊಂದು ಚೂರು ತಂದುಕೊಟ್ಟ. ಹಳೆಯ ಗಾಜಿನ ಮೇಲೆ ಎಳೆದು ನೋಡಿದೆ, ಕಿರ್ ಎಂದು ಕೊರೆಯಿತು. ಕಬ್ಬಿಣಕ್ಕೆ ಬಗ್ಗದ ಗಾಜು ಕಲ್ಲಿಗೆ ಬಗ್ಗುತ್ತದೆ! ಯಮನೂರಣ್ಣನಿಗೆ ತೋರಿಸಿದೆ. ಚೂರನ್ನು ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿ, "ಇದು ನನಗಿರ್ಲಿ" ಎಂದು ಅಂಗಿಯ ಕಿಸೆಗೆ ಹಾಕಿಕೊಂಡ. ಯಾಕೆಂದು ನಾನು ಕೇಳಲಿಲ್ಲ. ನೋಡಿ, ಕೇಳದೇ ಬಿಡುವ ರೋಗ ಆಗಲೇ ಶುರುವಾಗಿತ್ತು.

ಗೀರು ಬೀಳುವ ಮೊದಲೇ ತಡೆಯುವ ಉಪಾಯ ನಾನು ಕಲಿತದ್ದು ಒಬ್ಬ ಬಸ್ ಕಂಡಕ್ಟರರಿಂದ. ಕುಷ್ಟಗಿ ದಾರಿಯ ಬಸ್ಸಿನವರು. ಟಿಕೆಟ್ ಕೊಡುವ ಯಂತ್ರ ಬಂದ ಹೊಸದು. ಚಿಲ್ಲರೆಯ ಚೀಲದಲ್ಲೇ ಯಂತ್ರವನ್ನೂ ಇಟ್ಟು ಪರದೆಯೆಲ್ಲ ಗೀರು. "ಸರ್ಕಾರದ್ದರಿ ಅಕ್ಕಾರ, ನೀವು ಬಿಚ್ಚಂಗಿಲ್ಲ, ಉಜ್ಜಂಗಿಲ್ಲ. ಆದರ ನನಗ ಊರ ಹೆಸರು ಕಾಣಬೇಕು" ಅಂದರು. ಬಿಚ್ಚದೆ, ಉಜ್ಜದೆ ಏನು ಮಾಡುವುದು? ಹೊಸ ಅಂಗಿಯ ಡಬ್ಬಿಯ ಮೇಲೆ ಪಾರದರ್ಶಕ ಹಾಳೆ ಇರುತ್ತದಲ್ಲ, ಅದನ್ನು ಅಳತೆಗೆ ಕತ್ತರಿಸಿ, ಗೀರುಗಳ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಹಾಳೆಯನ್ನು ಒತ್ತಿದೆ. ಎಣ್ಣೆ ಗೀರುಗಳೊಳಗೆ ತುಂಬಿಕೊಂಡು ಎಲ್ಲ ಮಾಯ! ಹಾಳೆಯ ಅಂಚಿಗೆ ಟೇಪ್ ಹಚ್ಚಿ ಕೊಟ್ಟೆ. ಕಂಡಕ್ಟರರು ಹೋದ ಮೇಲೂ ನಾನು ಬಹಳ ಹೊತ್ತು ಖುಷಿಯಿಂದ ಆ ಎಣ್ಣೆ ಬಾಟಲಿಯನ್ನೇ ನೋಡುತ್ತಾ ಕೂತಿದ್ದೆ.

ಉಸ್ತಾದ್ ತೀರಿಕೊಂಡರು. ಕೊನೆಯ ವರ್ಷ ಅವರ ಕೈ ನಡುಗುತ್ತಿತ್ತು. ವಾಚನ್ನು ತಾವು ಬಿಚ್ಚುತ್ತಿರಲಿಲ್ಲ, ಬಿಚ್ಚುವುದು ಹೇಗೆಂದು ನನಗೆ ಬಾಯಲ್ಲಿ ಹೇಳುತ್ತಿದ್ದರು. ಅಂಗಡಿಯ ಬಾಗಿಲು ಎಳೆದ ದಿನ ನಾನು ತಂದೆ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಫೋನ್ ಬೂತುಗಳ ಕಾಲವೂ ಮುಗಿಯಿತು. ಯಮನೂರಣ್ಣ ಬೂತು ಮಾರಿ, ಹೆಂಡತಿ ಹುಲಿಗೆವ್ವನ ಜೊತೆ ಕಾರಟಗಿಗೆ ಹೋದ.

ನಾನು ಒಂದು ದೊಡ್ಡ ಮೊಬೈಲ್ ಅಂಗಡಿಗೆ ಸೇರಿದೆ. ಅಲ್ಲಿನ ಮಾಲೀಕರು ಕೆಟ್ಟವರಲ್ಲ, ಅವಸರದವರು. ಅವರ ಕಾಲಲ್ಲಿ ಯಾವಾಗಲೂ ಚಪ್ಪಲಿ ಇರುತ್ತಿತ್ತು, ಎಲ್ಲಿಗೋ ಹೊರಟವರ ಹಾಗೆ. ಹೊಸ ಗಾಜಿನ ಫೋನುಗಳ ರೀತಿಯೇ ಬೇರೆ ಎಂದು ನಾನು ತಿಳಿದದ್ದು ಅಲ್ಲಿ, ಅದೂ ಒಬ್ಬ ಹೆಡ್ ಮಾಸ್ತರರ ಫೋನು ಕೆಡಿಸಿ. ಹಳೆಯ ಅಭ್ಯಾಸದಂತೆ ಲೇಪ ಹಚ್ಚಿ ಉಜ್ಜಿದೆ. ಗೀರು ಹಾಗೇ ಉಳಿಯಿತು, ಗಾಜಿನ ಮೇಲಿದ್ದ ನುಣುಪಿನ ಪದರ ಕಿತ್ತುಹೋಯಿತು. ಆಮೇಲೆ ಮಾಸ್ತರರ ಬೆರಳು ಒತ್ತಿದಲ್ಲೆಲ್ಲ ಜಿಡ್ಡು. "ರೇಣವ್ವನವರ, ನನ್ನ ಫೋನಿನ ಮ್ಯಾಲ ಸಾಲಿ ಹುಡುಗರೆಲ್ಲ ಹೆಬ್ಬೆಟ್ಟು ಒತ್ತಿದಂಗ ಕಾಣತೈತಿ" ಅಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಮಾಲೀಕರು ಅವತ್ತೇ ಹೊಸ ಕಾಯಿದೆ ಮಾಡಿದರು. "ಉಜ್ಜೂದು ಬಂದ್. ನೋಡೂದೂ ಬಂದ್. ಹಳೇ ಗಾಜು ಕೀಳ್ರಿ, ಹೊಸಾದು ಹಚ್ರಿ, ಮುಂದಿನ ಗಿರಾಕಿ ಕರೀರಿ." ಫೋನಿನ ನಿಜವಾದ ಗಾಜಿನ ಮೇಲೆ ತೆಳುವಾದ ಇನ್ನೊಂದು ಗಾಜು ಅಂಟಿಸುವ ಕಾಲ ಅದು. ಏಟು, ಗೀರು ಎಲ್ಲ ಅದಕ್ಕೆ, ಅದು ಹಾಳಾದರೆ ಕಿತ್ತು ಬಿಸಾಡುವುದು. ಅದರಲ್ಲೂ ನನ್ನದೊಂದು ಕಿತಾಪತಿ ನಡೆಯಿತು. ಬೇಸಿಗೆಯಲ್ಲಿ ಅಂಗಡಿಯ ಧೂಳು ಒಳಗೆ ಸಿಕ್ಕಿ ಗುಳ್ಳೆ ಏಳುತ್ತಿದ್ದವು. ನಾನು ಫೋನು ಹಿಡಿದು ಬಚ್ಚಲಿಗೆ ಹೋಗಿ, ಗೋಡೆಗೆಲ್ಲ ನೀರು ಚಿಮುಕಿಸಿ, ಧೂಳು ಕೂತ ಮೇಲೆ ಅಲ್ಲೇ ಗಾಜು ಹಚ್ಚುತ್ತಿದ್ದೆ. ಒಂದು ಗುಳ್ಳೆಯೂ ಇಲ್ಲ. ಗಿರಾಕಿಗಳು ಮಾತ್ರ, "ಈ ಅಕ್ಕ ನಮ್ಮ ಫೋನ್ ತಗೊಂಡು ಬಚ್ಚಲಕ್ಕ ಯಾಕ ಹೊಕ್ಕಾಳ?" ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕೆಲಸ ಸುಲಭವಾಯಿತು. ನನ್ನ ಕುತೂಹಲ ಸತ್ತದ್ದೂ ಆಗಲೇ. ಕಿತ್ತು ಬಿಸಾಡುವ ಗಾಜಿನ ಗೀರನ್ನು ಯಾರು ಓದುತ್ತಾರೆ? ಭೂತಗನ್ನಡಿ ಪೆಟ್ಟಿಗೆ ಸೇರಿತು, ಉಗುರು ಎಳೆಯುವುದೂ ಮರೆತುಹೋಯಿತು.

ಒಂದು ಬೆಳಿಗ್ಗೆ ಹುಲಿಗೆವ್ವ ಬಂದಳು. ಎಷ್ಟೋ ವರ್ಷವಾಗಿತ್ತು ನೋಡಿ. ಸೆರಗಿನಲ್ಲಿ ಸುತ್ತಿದ್ದ ಫೋನು ಬಿಚ್ಚಿ ಇಟ್ಟಳು.

"ಯಕ್ಕಾ, ನಮ್ಮವರದು. ಚಾರ್ಜ್ ಹಿಡಿವಲ್ದು. ಹನ್ನೊಂದರ ಬಸ್ಸಿಗೆ ಹೋಗಬೇಕು, ಲಗೂ ಮಾಡಿಕೊಡ್ರಿ."

"ಯಮನೂರಣ್ಣ ಹೆಂಗದಾನ?"

"ಛಲೋ ಅದಾರ. ಭತ್ತ ಕೊಯ್ಯೋ ಮಷೀನಿನವರ ಕಡೆ ಕೆಲಸ ಸಿಕ್ಕೈತಿ. ಈ ಸುಗ್ಗಿ ಮುಗಿಯೋತನಕ ನೋಡಿ ಕಾಯಂ ಮಾಡ್ತಾರಂತ" ಎಂದು ಹೇಳುವಾಗ ಅವಳ ಮುಖ ಅರಳಿತ್ತು.

ಚಾರ್ಜಿನ ತೂತಿನಲ್ಲಿ ಹೊಟ್ಟಿನ ಧೂಳು ತುಂಬಿತ್ತು. ಸೂಜಿಯಿಂದ ತೆಗೆದೆ, ಸರಿಹೋಯಿತು. ಆಮೇಲೆ ಗಾಜು ನೋಡಿದೆ. ಹುಚ್ಚು ಕೋಳಿ ಕೆದರಿದ ಹಾಗೆ ಗೀರೋ ಗೀರು. ಅಯ್ಯೋ ಪಾಪ, ಕಣ್ಣಿಲ್ಲದವನು, ಎಲ್ಲೆಲ್ಲಿ ಬೀಳಿಸಿದ್ದಾನೋ ಅಂದುಕೊಂಡೆ. ಪರ ಪರ ಕಿತ್ತೆ. ಅದು ಮುರಿದು ತುಂಡಾಯಿತು, ತುಂಡುಗಳನ್ನು ಕೌಂಟರಿನ ಕೆಳಗಿನ ಗೋಣಿಚೀಲಕ್ಕೆ ಎಸೆದೆ. ಇದ್ದುದರಲ್ಲೇ ಒಳ್ಳೆಯ ಗಾಜು ಆರಿಸಿ, ಬಚ್ಚಲಿಗೆ ಹೋಗಿ, ಒಂದು ಗುಳ್ಳೆಯೂ ಇಲ್ಲದಂತೆ ಹಚ್ಚಿ ತಂದೆ. "ಇದು ನನ್ನ ಕಡೆಯಿಂದ ಅಂತ ಹೇಳವ್ವ" ಎಂದು ಕಳಿಸಿದೆ. ಆ ದಿನವೆಲ್ಲ ನನಗೆ ನನ್ನ ಬಗ್ಗೆಯೇ ಬಹಳ ಸಂತೋಷ.

ಮೂರನೆಯ ದಿನ ಮಧ್ಯಾಹ್ನ ಯಮನೂರಣ್ಣನೇ ಬಂದ. ಹುಲಿಗೆವ್ವ ಹಿಂದೆ ನಿಂತಿದ್ದಳು, ಮೊನ್ನೆ ಅರಳಿದ್ದ ಮುಖ ಬಾಡಿತ್ತು. ಅವನ ಕೂದಲು ಬೆಳ್ಳಗಾಗಿದ್ದವು. ಫೋನನ್ನು ಕೌಂಟರಿನ ಮೇಲೆ ಇಟ್ಟು, "ರೇಣವ್ವ, ನನ್ನ ಗೀರು ಎಲ್ಲಿ ಹೋದವು?" ಅಂದ.

ನನಗೆ ಅರ್ಥವಾಗಲಿಲ್ಲ. ಅವನು ಹೇಳುತ್ತಾ ಹೋದ.

ಭತ್ತ ಕೊಯ್ಯುವ ಮಷೀನುಗಳು ಸುಗ್ಗಿಗೆ ಹೊರಗಿನ ಸೀಮೆಗಳಿಂದ ಬರುತ್ತವೆ. ಯಾವ ಮಷೀನು ಯಾವ ಹೊಲಕ್ಕೆ, ಯಾವ ಹೊಲ ಹಸಿ ಇದೆ, ಯಾವುದು ಒಣಗಿದೆ, ಮುಂದೆ ಯಾರ ಸರದಿ, ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಚಾಲಕರಿಗೆ ಫೋನಿನಲ್ಲಿ ಹೇಳುವುದು ಅವನ ಕೆಲಸ. ಚಾಲಕರು ಮಷೀನಿನ ಸದ್ದಿನಲ್ಲಿ ಫೋನು ಎತ್ತುವುದಿಲ್ಲ. ದನಿ ತುಂಬಿ ಕಳಿಸಿದರೆ ನಿಂತಾಗ ಕೇಳಿ, ತಾವೂ ದನಿಯಲ್ಲೇ ಉತ್ತರ ಕಳಿಸುತ್ತಾರೆ. ಅದಕ್ಕೆ ಗುಂಡಿಯ ಫೋನು ಸಾಲದು, ಗಾಜಿನ ಫೋನೇ ಬೇಕು. ಫೋನೇ ಪರದೆಯನ್ನು ಓದಿ ಹೇಳುವ ವ್ಯವಸ್ಥೆ ಇರುತ್ತದೆಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ನುಣ್ಣನೆ ಗಾಜಿನ ಮೇಲೆ ಬೆರಳಿಗೆ ಏನು ತಿಳಿಯಬೇಕು?

"ಒಂದು ತಿಂಗಳು ಹಿಡೀತವ್ವ. ಹುಲಿಗಿ ಒಂದೊಂದs ಅಂಕಿ ತೋರಿಸಿದಳು, ನಾ ಕಲ್ಲಿನ ಚೂರಿಲೆ ಒಂದೊಂದs ಗೆರಿ ಎಳದೆ. ಅಂಕಿಗಳ ಮನಿ. ಮ್ಯಾಲ ಮಷೀನಿನವರ ಗೆರಿ. ಕೆಳಗ ಬಲಕ್ಕ ದನಿ ತುಂಬೋ ಸುತ್ತು. ಆಮ್ಯಾಲ ಯಾರದೂ ಹಂಗಿಲ್ಲದ ಮಾಡಾಕ ಹತ್ತಿದ್ದೆ."

ನೀನು ಕೊಟ್ಟ ಚೂರು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೊಸ ಗಾಜಿನ ಫೋನು ಕೈಗೆ ಬಂದ ಮರುದಿನ ಹುಲಿಗೆವ್ವ ಗದ್ದೆ ಕೂಲಿಗೆ ಹೋಗಿದ್ದಳು. ಇವನು ಗಾಜು ಸವರಿ ಸವರಿ ಎಲ್ಲೋ ಒತ್ತಿದ, ಹಸಿ ಹೊಲಕ್ಕೆ ಮಷೀನು ಹೋಗಬಾರದೆಂಬ ಸುದ್ದಿ ಯಾರಿಗೂ ಮುಟ್ಟಲಿಲ್ಲ. ಮಷೀನು ಕೆಸರಿನಲ್ಲಿ ಹೂತು ಅರ್ಧ ದಿನ ನಿಂತಿತು. ಇವನು ನಮ್ಮಲ್ಲಿಗೆ ಹೊರಟ ದಿನ ಬೆಳಿಗ್ಗೆಯೇ ಮಷೀನಿನ ಧಣಿ ಮನೆ ಬಾಗಿಲಿಗೇ ಬಂದು, "ಕಣ್ಣಿಲ್ಲದವರಿಗೆ ಫೋನಿನ ಕೆಲಸ ಕೊಟ್ಟಿದ್ದು ನನ್ನ ತಪ್ಪು. ನಾಳಿ ಮುಂಜಾನೆ ಆರಕ್ಕ ನಿಮ್ಮ ದನಿ ಬಂತೋ ಸರಿ, ಬರಲಿಲ್ಲೋ, ಬ್ಯಾರೆಯವರನ್ನ ನೋಡ್ಕೊತೀನಿ" ಎಂದು ಹೋಗಿದ್ದರಂತೆ.

ಉಸ್ತಾದ್ ಕಣ್ಣ ಮುಂದೆ ಬಂದರು. ಕಾರಣ ಗೊತ್ತಿಲ್ಲದ ಗೀರಿಗೆ ಕೈ ಹಚ್ಚಬಾರದು. ಉಗುರೊಂದು ಎಳೆದು ನೋಡಿದ್ದರೆ ಸಾಕಿತ್ತು. ಬಿದ್ದ ಗೀರು ಹೀಗೆ ಸಾಲಾಗಿ ಇರುವುದಿಲ್ಲ ಎಂದು ಒಂದು ಕ್ಷಣಕ್ಕೆ ತಿಳಿಯುತ್ತಿತ್ತು. ಅದನ್ನು ಕಲಿಸಿದವನ ಫೋನಿನ ಮೇಲೇ ಅದನ್ನು ಮಾಡಲಿಲ್ಲ. ಮಾಲೀಕರ ಕಾಯಿದೆ ಎಂದು ಜಾರಿಕೊಳ್ಳಬಹುದು. ಕಿತ್ತ ಕೈ ಮಾತ್ರ ನನ್ನದು.

"ತಪ್ಪಾತ್ರಿ, ಯಮನೂರಣ್ಣ" ಅಂದೆ. ಅಳು ತಡೆಯಲಾಗಲಿಲ್ಲ.

"ಅಳೂದು ಆಮ್ಯಾಲ. ಹಳೇ ಗಾಜು ಐತೇನು?"

ಗೋಣಿಚೀಲವನ್ನು ಅಂಗಡಿಯ ನಡುವೆ ಸುರಿದೆ. ಮೂರು ದಿನದ ನೂರಾರು ಗಾಜಿನ ಚೂರು. ಮಾಲೀಕರು ಹಾಂ ಹೂಂ ಅನ್ನುವಷ್ಟರಲ್ಲಿ ನಾನು ನೆಲದ ಮೇಲೆ ಕೂತಾಗಿತ್ತು. ಕಣ್ಣಿಗೆ ಎಲ್ಲವೂ ಒಂದೇ ತರಹ ಕಂಡವು. ಕಣ್ಣು ಮುಚ್ಚಿ ಉಗುರು ಎಳೆಯತೊಡಗಿದೆ. ಜಾರಿತು, ಜಾರಿತು, ಮರಳಿನ ಗೀರು, ಜಾರಿತು. ಎಷ್ಟೋ ಹೊತ್ತಿನ ಮೇಲೆ ಒಂದು ಚೂರಿನಲ್ಲಿ ಉಗುರು ಟಕ್ ಎಂದು ನಿಂತಿತು. ಒಂದು ಬೆರಳಗಲ ಬಿಟ್ಟು ಮತ್ತೆ ಟಕ್. ಮತ್ತೊಂದು ಬೆರಳಗಲಕ್ಕೆ ಮತ್ತೆ ಟಕ್. ಇಪ್ಪತ್ತು ವರ್ಷ ಗೀರು ಓದಿದವಳು ಒಬ್ಬ ಮನುಷ್ಯ ಬರೆದ ಗೀರನ್ನು ಮೊದಲ ಸಲ ಓದಿದೆ.

ಎರಡು ತುಂಡು ಸಿಕ್ಕವು, ಮೇಲಿನ ತುಂಡು ಸಿಗಲಿಲ್ಲ. ಯಮನೂರಣ್ಣ ಅವುಗಳನ್ನು ಸವರಿ, "ಇದು ನಾಕು, ಐದು, ಆರರ ಸಾಲು. ಇದು ದನಿಯ ಮೂಲಿ. ಸಾಕು, ಅಳತಿ ಸಿಕ್ತು. ಮ್ಯಾಲಿನದು ನೀ ನೋಡಿ ಹೇಳು, ನಾ ಎಳೀತೀನಿ" ಎಂದು ಕಿಸೆಯಿಂದ ಕಲ್ಲಿನ ಚೂರು ತೆಗೆದ. ತಿಕ್ಕಿ ತಿಕ್ಕಿ ಅದು ಹಳೆಯ ಬಳಪದಷ್ಟು ಸಣ್ಣದಾಗಿತ್ತು.

ನಾನೇ ಬಚ್ಚಲಿನಲ್ಲಿ ಕೂತು ಹಚ್ಚಿದ್ದ, ಒಂದು ಗುಳ್ಳೆಯೂ ಇಲ್ಲದ ಗಾಜು. ಅದರ ಮೇಲೆ ಕಲ್ಲು ಕಿರ್ ಎಂದಾಗ ನನ್ನ ಹಲ್ಲು ಜುಮ್ಮೆಂದವು. "ಸ್ವಲ್ಪ ಎಡಕ್ಕ... ಅಲ್ಲೆ... ಹೂಂ, ಎಳೀರಿ" ಎಂದು ನಾನೇ ಹೇಳುತ್ತಿದ್ದೆ. ಅಂಗಡಿಯ ಗಿರಾಕಿಗಳು ಸುತ್ತ ನೆರೆದರು. ಗೀರು ತೆಗೆಸಲು ಬಂದವರ ಎದುರಿಗೇ ಹೊಸ ಗಾಜಿಗೆ ಗೀರು ಹಾಕಿಸುತ್ತಿರುವ ನನ್ನನ್ನು ನೋಡಿ ಮಾಲೀಕರು, "ರೇಣವ್ವ, ಏನ್ ನಡದೈತಿ ಇದು?" ಅಂದರು.

"ರಿಪೇರಿ ನಡದೈತ್ರಿ" ಅಂದೆ.

ಎಳೆದಾದ ಮೇಲೆ ಯಮನೂರಣ್ಣ ಫೋನನ್ನು ಎದೆಗೆ ಒರಗಿಸಿಕೊಂಡು, ನಮ್ಮ ಕಡೆಗೆ ಬೆನ್ನು ತಿರುಗಿಸಿ ನಿಂತ. ಬೆರಳು ಗೆರೆಯಿಂದ ಗೆರೆಗೆ ಹೋಯಿತು. ಕೌಂಟರಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ನನ್ನ ನಂಬರು ಅವನು ಯಾರನ್ನೂ ಕೇಳಿರಲಿಲ್ಲ. ಹುಲಿಗೆವ್ವ ಸೆರಗು ಬಾಯಿಗೆ ಹಚ್ಚಿ ಅತ್ತಳು. ನಾನೂ ಅತ್ತೆ.

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಒಂದು ಗೆರೆ ಕೂದಲೆಳೆಯಷ್ಟು ಆಚೀಚೆಯಾಗಿದ್ದರೆ? ಬೆಳಿಗ್ಗೆ ಆರಕ್ಕೆ ಫೋನು ಕೈಯಲ್ಲಿ ಹಿಡಿದೇ ಕೂತಿದ್ದೆ. ಆರು ದಾಟಿತು. ಸ್ವಲ್ಪ ಹೊತ್ತಿಗೆ ಅವನ ದನಿ ತುಂಬಿದ ಸಂದೇಶ ಬಂತು. ಹಿಂದೆ ಮಷೀನುಗಳ ಗುಡುಗು. ಅದರ ನಡುವೆ ಮೂರೇ ಮಾತು: "ಹೊಂಟ್ವು ನೋಡು, ರೇಣವ್ವ."

ಆ ಸುಗ್ಗಿ ಮುಗಿಯಿತು, ಕೆಲಸ ಕಾಯಂ ಆಯಿತು. ಅವನು ಈಗಲೂ ಮಷೀನು ಕಳಿಸುತ್ತಾನೆ. ನಾನು ಅಂದಿನಿಂದ ಅಂಗಡಿ ಬಿಡುವವರೆಗೆ, ಮಾಲೀಕರು ಎಷ್ಟೇ ಗೊಣಗಿದರೂ, ಪ್ರತಿ ಗಾಜನ್ನು ಕೀಳುವ ಮೊದಲು ಒಮ್ಮೆ ಉಗುರು ಎಳೆದು, "ಈ ಗೀರು ಬ್ಯಾಡೇನ್ರಿ ನಿಮಗ?" ಎಂದು ಕೇಳುತ್ತಿದ್ದೆ. ಗಿರಾಕಿಗಳು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಎಂದುಕೊಳ್ಳಲಿ.

ಎರಡು ವರ್ಷದಿಂದ ನನ್ನ ಕಣ್ಣುಗಳೇ ಮಂಜಾಗುತ್ತಿವೆ. ಕಣ್ಣಿನ ಹಿಂಭಾಗದ ಪರದೆ ಸವೆದಿದೆಯಂತೆ. ಡಾಕ್ಟರು ಚಿತ್ರ ತೆಗೆದು ತೋರಿಸಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, "ಇದನ್ನ ಉಜ್ಜಾಕ ಬರೂದಿಲ್ಲೇನ್ರಿ?" ಅವರು ನಗಲಿಲ್ಲ. ಅದಕ್ಕೇ ಕೆಲಸ ಬಿಟ್ಟೆ.

ಸುದ್ದಿ ತಿಳಿದು ಯಮನೂರಣ್ಣ ಮರುದಿನದ ಬಸ್ಸಿಗೇ ಬಂದ. ಚಹಾ ಕುಡಿದ. ನನ್ನ ಫೋನು ಕೇಳಿ ಇಸಿದುಕೊಂಡ. ಹುಲಿಗೆವ್ವ ನೋಡಿ ನೋಡಿ ಹೇಳಿದಳು, ಅವನು ಕಲ್ಲಿನ ಚೂರಿನಿಂದ ಒಂದೊಂದೇ ಗೆರೆ ಎಳೆದ. ಮುಗಿದ ಮೇಲೆ ನನ್ನ ಬೆರಳು ಹಿಡಿದು ಗಾಜಿನ ಮೇಲೆ ಇಟ್ಟ.

"ಕಣ್ಣು ಮುಚ್ಚು. ಉಗುರು ಎಳಿ. ಏನ್ ಸಿಕ್ತು?"

"ಐದು" ಅಂದೆ.